ಔಷಧಿಯ ಅಂಶ

ಹಳ್ಳದ ನೀರಿನಲ್ಲಿ ಕೀಟನಾಶಕ ಎಷ್ಟಿದೆ ಎಂದು ಹುಡುಕುವುದರಲ್ಲೇ ನನ್ನ ನೌಕರಿಯ ಬಹುಭಾಗ ಕಳೆಯಿತು. ಇಂಗ್ಲಿಷಿನಲ್ಲಿ ನಾನು ಬರೆದ ವರದಿಗಳು ಒಂದು ಬೀರು ತುಂಬ ಇದ್ದವು. ಟೈಪ್ ಮಾಡಿದವರನ್ನು ಬಿಟ್ಟರೆ ಮತ್ತೊಬ್ಬರು ಅವನ್ನು ಕೊನೆಯವರೆಗೆ ಓದಿರಬಹುದೆಂಬ ನಂಬಿಕೆ ನನಗಿಲ್ಲ. ಟೈಪ್ ಮಾಡಿದವರೂ ನಡುನಡುವೆ ಸಾಲು ಹಾರಿಸಿದ್ದಕ್ಕೆ ಸಾಕ್ಷಿ ಇದೆ. ಕನ್ನಡದಲ್ಲಿ ನಾನು ಬರೆದದ್ದು ಎರಡೇ ವಾಕ್ಯ. ಅದನ್ನು ಜನ ಓದಿದರು, ನಂಬಿದರು. ಆ ಎರಡು ವಾಕ್ಯಗಳಿಂದ ಆದದ್ದನ್ನು ಒಬ್ಬ ತಾಯಿಗೆ ನಾನೇ ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳಲು ನನಗೆ ಆರು ವರ್ಷ ಹಿಡಿಯಿತು.

ಎಪ್ಪತ್ತರ ದಶಕದ ಮೊದಲಲ್ಲಿ ತುಮಕೂರಿನ ಒಂದು ಸಣ್ಣ ಪ್ರಯೋಗಾಲಯಕ್ಕೆ ಸೇರಿದೆ. ನಮ್ಮ ಮನೆ ಮರಳೂರಿನಲ್ಲಿತ್ತು; ಆಗ ಅಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಹೆಣ್ಣುಮಗಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ ಎಂದು ಮನೆಯವರು ಎಣಿಸಿದ್ದರು. ಗಾಜಿನ ಬಾಟಲಿ ತುಂಬಿದ ಮರದ ಪೆಟ್ಟಿಗೆ ಹಿಡಿದು ಗುಬ್ಬಿಗೋ ಕುಣಿಗಲ್‌ಗೋ ಬಸ್ಸು ಹತ್ತುವ ನನ್ನನ್ನು ನೋಡಿ ನಮ್ಮಪ್ಪ, "ನೀರು ಹೊರೋ ಕೆಲ್ಸಕ್ಕೆ ಎಮ್ಮೆಸ್ಸಿ ಯಾಕಮ್ಮ ಬೇಕಿತ್ತು? ನಿಮ್ಮಜ್ಜಿ ಏನೂ ಓದ್ದೇನೇ ಹೊರ್ತಿದ್ಳು" ಎಂದು ರೇಗಿಸುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಪೆಟ್ಟಿಗೆ ಕೆಳಗಿಟ್ಟು ಅವರಿಗೆ ಒಂದು ಸಣ್ಣ ಭಾಷಣ ಮಾಡಿಯೇ ಹೊರಡುತ್ತಿದ್ದೆ. ಎರಡು ಸಲ ಅದರಿಂದಲೇ ಬಸ್ಸು ತಪ್ಪಿದೆ.

ದೊಡ್ಡ ಯಂತ್ರಗಳೆಲ್ಲ ಬೆಂಗಳೂರಿನಲ್ಲಿದ್ದವು. ನಮ್ಮಲ್ಲಿದ್ದುದು ಗಾಜಿನ ತಟ್ಟೆಗಳು. ಬಿಳಿ ಪುಡಿಯನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ತಟ್ಟೆಯ ಮೇಲೆ ತೆಳ್ಳಗೆ ಬಳಿಯುತ್ತಿದ್ದೆ. ನೀರಿನಿಂದ ಬೇರ್ಪಡಿಸಿದ್ದನ್ನು ಅದರ ಅಂಚಿಗೆ ಚುಕ್ಕಿ ಇಟ್ಟು, ದ್ರಾವಕದಲ್ಲಿ ನಿಲ್ಲಿಸಿ, ಮೇಲೆ ಬೆಳ್ಳಿಯ ಲವಣ ಸಿಂಪಡಿಸಿ, ತಾರಸಿಗೆ ಒಯ್ದು ಬಿಸಿಲಿಗೆ ಹಿಡಿದರೆ, ಕೀಟನಾಶಕ ಇದ್ದ ಕಡೆ ಕಂದು ಚುಕ್ಕಿ ಮೂಡುತ್ತಿತ್ತು. ಮೋಡ ಕವಿದ ದಿನ ನಮ್ಮ ವಿಜ್ಞಾನಕ್ಕೆ ರಜೆ. ಒಳ್ಳೆಯ ಬಿಸಿಲಿನಲ್ಲಿ ಆ ಚುಕ್ಕಿ ನಿಧಾನವಾಗಿ ಕಾಣಿಸಿಕೊಳ್ಳುವಾಗ ನನಗೆ ಆಗುತ್ತಿದ್ದ ಸಂತೋಷ ನೆನೆದರೆ ಈಗ ನಾಚಿಕೆಯಾಗುತ್ತದೆ. ಆ ನೀರನ್ನು ಯಾರೋ ಕುಡಿಯುತ್ತಿದ್ದರು. ನಾನು ನನ್ನ ಚುಕ್ಕಿ ಚೆನ್ನಾಗಿ ಬಂತೆಂದು ಹಿಗ್ಗುತ್ತಿದ್ದೆ.

ಗುಬ್ಬಿಯಿಂದ ಚೇಳೂರಿನ ಬಸ್ಸು ಹಿಡಿದು, ದಾರಿಯಲ್ಲಿ ಇಳಿದು, ಮುಕ್ಕಾಲು ಗಂಟೆ ನಡೆದರೆ ಒಂದು ಹಳ್ಳ. ಮೇಲೆ ಕೆರೆ, ಕೆರೆಯ ಕೆಳಗೆ ಗದ್ದೆ ಬಯಲು, ಬಯಲಿನ ಅಂಚಿಗೆ ತೆಂಗಿನ ತೋಟಗಳು. ಇವೆಲ್ಲದರಿಂದ ಬಸಿದ ನೀರು ಆ ಹಳ್ಳಕ್ಕೆ ಬರುತ್ತಿತ್ತು. ಒಂದು ಕಡೆ ಹಾಸುಬಂಡೆ. ಗದ್ದೆಗೆ ಔಷಧಿ ಹೊಡೆದ ಮೇಲೆ ಗಂಡಸರು ಪಂಪನ್ನು ಆ ಬಂಡೆಯ ಮೇಲಿಟ್ಟು ತೊಳೆಯುತ್ತಿದ್ದರು, ಖಾಲಿ ಡಬ್ಬಗಳನ್ನು ಅಲ್ಲೇ ಅದ್ದಿ ಗಲಬರಿಸುತ್ತಿದ್ದರು. ಬಂಡೆಯ ಕೆಳಗೆ ಸೊಂಟದಷ್ಟು ಆಳದ ಮಡು. ತಿಂಗಳಿಗೊಮ್ಮೆ ಆ ಮಡುವಿನ ನೀರು ತರುವುದು ನನ್ನ ಕೆಲಸ.

ಅಲ್ಲಿ ಒಬ್ಬ ಹೆಂಗಸು ಸೀಳಿದ ತೆಂಗಿನ ಗರಿಗಳನ್ನು ಮಡುವಿನಲ್ಲಿ ನೆನೆಹಾಕಿ, ದಂಡೆಯಲ್ಲಿ ಕೂತು ಹೆಣೆಯುತ್ತಿದ್ದಳು. ಚಪ್ಪರಕ್ಕೆ, ಗುಡಿಸಲಿಗೆ ಹೊದಿಸುವ ಗರಿ. ಗುಬ್ಬಿ ಸಂತೆಯಲ್ಲಿ ಮಾರಾಟವಾಗುತ್ತಿತ್ತು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳಿರಬಹುದು. ಗಂಡ ಇರಲಿಲ್ಲ, ಹೊಲಗದ್ದೆ ಇರಲಿಲ್ಲ. ನಾನು ಅಕ್ಕ ಎನ್ನುತ್ತಿದ್ದೆ.

ನಮ್ಮ ಸ್ನೇಹ ಜಗಳದಿಂದಲೇ ಶುರುವಾಯಿತು. ಒಂದು ದಿನ ಪೆಟ್ಟಿಗೆಯನ್ನು ದಂಡೆಯಲ್ಲಿಟ್ಟು ಮೇಲಿನ ಗದ್ದೆ ನೋಡಿ ಬರಲು ಹೋಗಿದ್ದೆ. ಬರುವಷ್ಟರಲ್ಲಿ ಅವಳು ನನ್ನ ಬಾಟಲಿಗಳನ್ನೆಲ್ಲ ಬೂದಿ ಹಾಕಿ ಉಜ್ಜಿ, ಹಳ್ಳದಲ್ಲಿ ತೊಳೆದು, ಸಾಲಾಗಿ ಬೋರಲು ಹಾಕಿದ್ದಳು. ಎರಡು ದಿನ ಕೂತು ದ್ರಾವಕದಿಂದ ತೊಳೆದು, ಮುಚ್ಚಿ ತಂದ ಬಾಟಲಿಗಳು ಅವು.

"ಇದೇನಕ್ಕ ಮಾಡ್ದೆ!" ಎಂದು ಕಿರುಚಿದೆ.

"ಬಾಟ್ಲು ವಾಸ್ನೆ ಹೊಡೀತಿತ್ತು ಮೇಡಮ್ಮೋರೆ. ಫಳಫಳ ಅನ್ನಂಗೆ ಉಜ್ಜಿವ್ನಿ ನೋಡಿ."

ಅರ್ಧ ಗಂಟೆ ಬೈದೆ. ಅವಳು ಗರಿ ಹೆಣೆಯುವುದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡು, "ಏನೋ ಮಡಿ ಹೆಂಗ್ಸು ಬೈದಂಗೆ ಬೈತೀರಲ್ಲ. ಬಾಟ್ಲಿಗೂ ಮಡಿಯಾ?" ಎಂದಳು. ನಗು ತಡೆಯಲಾಗಲಿಲ್ಲ. "ಹೂಂ ಕಣಕ್ಕ, ಬಾಟ್ಲಿಗೂ ಮಡಿ" ಎಂದೆ. ಆ ಮಾತು ಅವಳಿಗೆ ಚೆನ್ನಾಗಿ ನಾಟಿತು. ಅಂದಿನಿಂದ ನನ್ನ ಬಾಟಲಿಗಳ ಹತ್ತಿರ ಒಂದು ಕಾಗೆಯನ್ನೂ ಬಿಡಲಿಲ್ಲ. ವಿಜ್ಞಾನದ ಭಾಷೆಯಲ್ಲಿ ಹೇಳಿದ್ದರೆ ತಿಳಿಯುತ್ತಿರಲಿಲ್ಲ, ಜನರ ಮಾತಿನಲ್ಲಿ ಹೇಳಿದೆ, ತಿಳಿಯಿತು ಎಂದು ನನಗೆ ಬಲು ಹೆಮ್ಮೆ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅಕ್ಕನಿಗೆ ಇದ್ದವಳು ಒಬ್ಬಳೇ ಮಗಳು. ಕುಣಿಗಲ್ ಹತ್ತಿರದ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದಳು. ಆ ಹುಡುಗಿಗೆ ಚಿಕ್ಕಂದಿನಿಂದ ಆಗೀಗ ಮೂರ್ಛೆ ಬರುತ್ತಿತ್ತು. ಅದು ಗಂಡನ ಮನೆಯವರಿಗೆ ತಿಳಿದ ಮೇಲೆ, ವಾಪಸು ಕಳಿಸುತ್ತೇವೆ ಎಂಬ ಮಾತು ಶುರುವಾಗಿತ್ತು. "ನೀವು ಇಷ್ಟೊಂದ್ ಓದಿದೀರ. ಮೂರ್ಚೆಗೆ ಔಸ್ದಿ ಐತಾ?" ಎಂದು ಅಕ್ಕ ಕೇಳಿದಳು. ಒಮ್ಮೆ ತಾಯಿ ಮಗಳಿಬ್ಬರನ್ನೂ ನಾನೇ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹುಡುಗಿ ಇಡೀ ದಿನ ತಲೆ ಎತ್ತಲಿಲ್ಲ, ಒಂದು ಮಾತಾಡಲಿಲ್ಲ. ಡಾಕ್ಟರು ದಿನವೂ ನುಂಗುವ ಗುಳಿಗೆ ಬರೆದುಕೊಟ್ಟು, ವರ್ಷಗಟ್ಟಲೆ ಬಿಡಬಾರದು ಎಂದರು. ಕೆಲವು ತಿಂಗಳಿಗೆ ಗುಳಿಗೆ ನಿಂತಿತು. ಅದನ್ನು ನುಂಗಿದರೆ ಮಕ್ಕಳಾಗುವುದಿಲ್ಲ ಎಂದು ಅತ್ತೆ ನಿಲ್ಲಿಸಿದರಂತೆ. ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮಾತ್ರ, "ಬೇರೆ ಔಸ್ದಿ ಏನಾರಾ ಸಿಕ್ತದೆ ಬುಡಿ ಮೇಡಮ್ಮೋರೆ" ಎಂದಳು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಮಳೆಗಾಲ, ಗದ್ದೆಗಳಿಗೆ ಹುಳ ಬಿದ್ದು ಊರಿಗೆ ಊರೇ ಎಂಡ್ರಿನ್ ಎಂಬ ಕೀಟನಾಶಕ ಹೊಡೆಯಿತು. ಮಡುವಿನಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದವು. ನನ್ನ ತಟ್ಟೆಯ ಮೇಲೆ ಅಷ್ಟು ಗಾಢವಾದ ಚುಕ್ಕಿಯನ್ನು ಅದುವರೆಗೆ ನೋಡಿರಲಿಲ್ಲ. ತಟ್ಟೆಯನ್ನು ಹಿಡಿದುಕೊಂಡೇ ನಮ್ಮ ಸಾಹೇಬರ ಕೋಣೆಗೆ ನುಗ್ಗಿದೆ. ಸಾಹೇಬರು ಕೆಟ್ಟವರಲ್ಲ, ಹೆದರುವ ಮನುಷ್ಯ. ವರದಿ ಬೆಂಗಳೂರಿಗೆ ಹೋಗಿ ಬರಲಿ ಎಂದರು. ಅದು ಬರುವಷ್ಟರಲ್ಲಿ ಹಳ್ಳವೇ ಬತ್ತುತ್ತದೆ, ಈ ವಾರವೇ ಒಂದು ಬೋರ್ಡು ಹಾಕೋಣ ಎಂದು ಹಟ ಹಿಡಿದೆ. ಕೊನೆಗೆ ಒಪ್ಪಿದರು. ನಾನು ಬರೆದುಕೊಟ್ಟೆ: ಈ ನೀರು ವಿಷ. ಕುಡಿಯಬೇಡಿ.

"ವಿಷ ಅಂತ ಬರೆದ್ರೆ ನಾಳೆ ಜನ ಬಂದು ಆಫೀಸ್ ಮುಂದೆ ನಿಂತ್ಕೋತಾರೆ. ಕುಡೀಬೇಡಿ ಅಂದ್ರೆ ಬೇರೆ ನೀರು ಎಲ್ಲಿ ಅಂತ ಕೇಳ್ತಾರೆ. ನಾವು ಕೊಡಕ್ಕಾಗತ್ತಾ?" ಎಂದು ಎರಡೂ ವಾಕ್ಯಕ್ಕೆ ಕಾಟು ಹಾಕಿದರು. ತಾವೇ, 'ನೀರಿನಲ್ಲಿ ಕೀಟನಾಶಕದ ಅಂಶವಿರುತ್ತದೆ' ಎಂದು ಬರೆದರು.

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಕೀಟನಾಶಕ ಅಂದ್ರೆ ಹಳ್ಳೀಲಿ ಯಾರಿಗೆ ಸರ್ ಅರ್ಥ ಆಗತ್ತೆ?" ಎಂದೆ.

"ಮತ್ತೇನಂತಾರೆ?"

"ಔಷಧಿ ಅಂತಾರೆ ಸರ್."

"ಹಾಗಾದ್ರೆ ಅದನ್ನೇ ಬರೀರಿ. ನಿಮಗೆ ಜನರ ಭಾಷೆ ಚೆನ್ನಾಗಿ ಗೊತ್ತಲ್ಲ."

ಹೊಗಳಿದರೆಂದು ಉಬ್ಬಿದೆ. ಬೋರ್ಡಿನಲ್ಲಿ ಬರೆಸಿದ್ದು ಇಷ್ಟು: ಈ ಹಳ್ಳದ ನೀರಿನಲ್ಲಿ ಔಷಧಿಯ ಅಂಶ ಇರುತ್ತದೆ. ಸಾರ್ವಜನಿಕರು ಗಮನಿಸಬೇಕು.

ನಮ್ಮ ಕಡೆ ಬೆಳೆಗೆ ಹೊಡೆಯುವುದೂ ಔಷಧಿ, ಜ್ವರಕ್ಕೆ ಕುಡಿಯುವುದೂ ಔಷಧಿ. ಬೇಸಿಗೆಯಲ್ಲಿ ಬಾವಿಗೆ ಬಿಳಿ ಪುಡಿ ಸುರಿದು ಹೋಗುವ ಸರ್ಕಾರದವರೂ 'ಔಷಧಿ ಹಾಕಿದೀವಿ, ಇನ್ನು ಧೈರ್ಯವಾಗಿ ಕುಡೀರಿ' ಎಂದೇ ಹೇಳಿ ಹೋಗುತ್ತಿದ್ದರು. ಗದ್ದೆ ಇದ್ದವರಿಗೆ ನನ್ನ ಬೋರ್ಡು ಓದಿದೊಡನೆ ಯಾವ ಔಷಧಿಯೆಂದು ತಿಳಿಯಿತು. ಓದಿ, ಪಂಪು ತೊಳೆದುಕೊಂಡು ಹೋದರು. ಗದ್ದೆ ಇಲ್ಲದವರು ಅದನ್ನು ಹೇಗೆ ಓದುತ್ತಾರೆ ಎಂದು ನಾನು ಯೋಚಿಸಲೇ ಇಲ್ಲ. ಬೋರ್ಡು ನೆಟ್ಟ ದಿನ ಅಕ್ಕ ಸಂತೆಗೆ ಹೋಗಿದ್ದಳು. ಅವಳು ಬರುವ ತನಕ ಕಾಯಬಹುದಿತ್ತು. ಕೊನೆಯ ಬಸ್ಸು ತಪ್ಪೀತೆಂದು ಹೊರಟುಬಿಟ್ಟೆ.

ಮಾರನೆಯ ದಿನವೇ ನನ್ನನ್ನು ಕುಣಿಗಲ್ ಕಡೆಗೆ ಹಾಕಿದರು. ಅಲ್ಲಿ ಕೆರೆಯ ಕೆಳಗಿನ ಕಾಲುವೆಗಳ ನೀರು ನೋಡುವ ಕೆಲಸ. ಒಂದೂವರೆ ತಿಂಗಳು ಅಲ್ಲೇ ಒಂದು ಕೋಣೆ ಹಿಡಿದು ಇದ್ದೆ. ಕೆಲಸ ಮುಗಿಸಿ ಬಂದು ಚೇಳೂರಿನ ಬಸ್ಸಿನಲ್ಲಿ ಹಳ್ಳಕ್ಕೆ ಹೋದಾಗ ಮಧ್ಯಾಹ್ನವಾಗಿತ್ತು.

ದಂಡೆಯ ತುಂಬ ಜನ. ಅಕ್ಕಪಕ್ಕದ ಊರುಗಳಿಂದಲೂ ಬಂದಿದ್ದರು. ಬಿಂದಿಗೆ, ತಂಬಿಗೆ, ಸೀಮೆಎಣ್ಣೆ ಡಬ್ಬ, ಏನು ಸಿಕ್ಕಿತೋ ಅದರಲ್ಲಿ ಮಡುವಿನ ನೀರು ತುಂಬುತ್ತಿದ್ದರು. ಬೋರ್ಡಿಗೆ ಕುಂಕುಮ ಹಚ್ಚಿತ್ತು, ಮೇಲೊಂದು ಕಣಗಿಲೆ ಹೂವಿನ ಹಾರ.

"ಏನಜ್ಜ ಇದು?" ಎಂದು ಒಬ್ಬ ಮುದುಕರನ್ನು ಕೇಳಿದೆ.

"ಸರ್ಕಾರ್ದೋರು ಹಳ್ಳಕ್ಕೆ ಔಸ್ದಿ ಬುಟ್ಟವ್ರೆ ಕಣವ್ವ. ಮೈ ತುರ್ಕೆ, ಕೀಲು ನೋವು ಎಲ್ಲಾದ್ಕೂ ಒಳ್ಳೇದಂತೆ."

ಮೊದಲು ನನಗೆ ನಗು ಬಂತು. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ಬಂದದ್ದು ನಗುವೇ. ಆಮೇಲೆ ಮಡುವಿನತ್ತ ಓಡಿದೆ. "ಅದು ಗದ್ದೆಗೆ ಹೊಡೆಯೋ ಔಷಧಿ! ವಿಷ! ಚೆಲ್ಲಿ ಎಲ್ಲಾ!" ಎಂದು ಕೂಗಾಡಿದೆ. ಒಬ್ಬರ ಬಿಂದಿಗೆಯನ್ನು ಕಸಿದು ನಾನೇ ಚೆಲ್ಲಿದೆ. "ಮತ್ತೆ ಔಸ್ದಿ ಅಂತ ಬರ್ದವ್ರಲ್ಲ?" ಎಂದರು ಮುದುಕರು. ಬೋರ್ಡು ಕೀಳಲು ಹೋದೆ. ಕಲ್ಲುಗಾರೆ ಹಾಕಿ ಭದ್ರವಾಗಿ ನೆಟ್ಟಿದ್ದರು. ದಂಡೆಯಲ್ಲಿ ಬಿದ್ದಿದ್ದ ಸಗಣಿಯನ್ನು ಎರಡು ಕೈಯಲ್ಲೂ ತೆಗೆದು ಅಕ್ಷರಗಳ ಮೇಲೆ ಮೆತ್ತಿದೆ.

ಅಷ್ಟರಲ್ಲಿ ಅಕ್ಕ ಅಲ್ಲಿಲ್ಲ ಎಂಬುದು ಗಮನಕ್ಕೆ ಬಂತು. ಎಲ್ಲಿ ಎಂದು ಕೇಳಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೇಲವ್ಳೆ, ಹೋಗಿ ನೋಡಿ ಎಂದರು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ನಾನು ಕೂಗಾಡಿದ ಸುದ್ದಿ ಇನ್ನೂ ಅವಳ ಮನೆಯವರೆಗೆ ಬಂದಿರಲಿಲ್ಲ. ನನ್ನನ್ನು ನೋಡಿ ಚಾಪೆ ಹಾಸಿದಳು. ಮಗಳು ತೀರಿಹೋಗಿ ಹದಿನೆಂಟು ದಿನವಾಗಿತ್ತು.

"ನಾನೇ ಕುಣಿಗಲ್‌ಗೆ ಹೋಗಿ ಕರ್ಕೊಂಡ್ ಬಂದೆ ಮೇಡಮ್ಮೋರೆ. ದಿನಾ ಹೊತ್ತಾರೆ ಮಡೂಲಿ ಸ್ನಾನ ಮಾಡ್ಸಿ, ಒಂದ್ ಚೊಂಬು ಅದೇ ನೀರು ಕುಡಿಸ್ತಿದ್ದೆ. ಮೂರ್ಚೆ ಮೇಲ್ ಮೂರ್ಚೆ ಬಂತು. ಔಸ್ದಿ ಒಳಗೆ ಹೋಗಿ ರೋಗನ ಆಚೆ ತಳ್ತಾ ಐತೆ ಅನ್ಕೊಂಡೆ. ಹತ್ತನೇ ದಿನ ಬಂದಿದ್ದು ನಿಲ್ಲಲೇ ಇಲ್ಲ." ಚಾಪೆಯ ಅಂಚು ಸರಿಮಾಡುತ್ತಾ, "ಬೋರ್ಡ್ ಹಾಕಿದ್ ದಿನಾನೇ ಹೋಗಿ ಕರ್ಕೊಂಡ್ ಬಂದಿದ್ರೆ ಉಳ್ಕೊಳೋಳು. ಗರಿ ಕೊಡೋದಿತ್ತು ಅಂತ ಎರಡ್ ವಾರ ತಡ ಮಾಡ್ದೆ. ನಾನೇ ತಡ ಮಾಡ್ದೆ" ಎಂದಳು.

ನಾನು ಕುಣಿಗಲ್‌ನಲ್ಲಿ ಕಾಲುವೆ ನೀರು ಹಿಡಿಯುತ್ತಿದ್ದ ದಿನಗಳಲ್ಲೇ ಆ ಹುಡುಗಿ ಕುಣಿಗಲ್ ಬಿಟ್ಟು ನನ್ನ ಬೋರ್ಡಿನ ಹತ್ತಿರ ಬಂದಿದ್ದಳು. ಅಕ್ಕನ ಮುಂದೆ ಸಗಣಿಯ ಕೈ ಇಟ್ಟುಕೊಂಡು ಕೂತಿದ್ದೆ. "ನೀನು ತಡ ಮಾಡ್ಲಿಲ್ಲಕ್ಕ" ಎಂದಷ್ಟೇ ಹೇಳಿದೆ. ಅವಳು ಕೈ ತೊಳೆಯಲು ನೀರು ತಂದುಕೊಟ್ಟಳು. ತೊಳೆದುಕೊಂಡು ಹೊರಟೆ.

ಆಮೇಲಿನ ವರ್ಷಗಳಲ್ಲಿ ನನಗೆ ನಾನೇ ವಕೀಲಳಾದೆ. ಹುಡುಗಿಗೆ ಮೊದಲಿಂದಲೂ ಮೂರ್ಛೆ ಇತ್ತು. ಗುಳಿಗೆ ನಿಲ್ಲಿಸಿದ್ದರು. ಅವಳು ಕುಡಿದ ದಿನಗಳ ನೀರನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಪರೀಕ್ಷೆ ಮಾಡಬೇಕಾದವಳು ಕುಣಿಗಲ್‌ನಲ್ಲಿದ್ದಳು. ಈ ಸಾವಿಗೆ ಈ ನೀರೇ ಕಾರಣ ಎಂದು ಯಾವ ವರದಿಯಲ್ಲೂ ನಾನು ಬರೆಯಲಾರೆ. ಆದರೆ ಎಂಡ್ರಿನ್ ನರಗಳ ಮೇಲೆ ಏನು ಮಾಡುತ್ತದೆ, ಅದು ತರುವುದೂ ಮೂರ್ಛೆಯನ್ನೇ ಎಂಬುದು ನನಗೆ ಬಾಯಿಪಾಠವಾಗಿತ್ತು. ವರದಿಗೆ ಬೇಕಾದಷ್ಟು ಸಾಕ್ಷಿ ಇರಲಿಲ್ಲ. ನನ್ನ ನಿದ್ದೆ ಕೆಡಲು ಬೇಕಾದಷ್ಟು ಇತ್ತು.

ತಿಂಗಳಿಗೊಮ್ಮೆ ಹಳ್ಳಕ್ಕೆ ಹೋಗುವುದು ತಪ್ಪಲಿಲ್ಲ. ಅಕ್ಕ ಮತ್ತೆ ದಂಡೆಯಲ್ಲಿ ಕೂತು ಗರಿ ಹೆಣೆಯತೊಡಗಿದಳು, ನನ್ನ ಬಾಟಲಿ ಕಾಯತೊಡಗಿದಳು. ಗರಿಗಳನ್ನು ಮಾತ್ರ ಮಡುವಿಗೆ ಹಾಕದೆ, ಊರ ಬಾವಿಯ ಹತ್ತಿರದ ಕಲ್ಲುಬಾನಿಯಲ್ಲಿ ನೆನೆಸಿ ಹೊತ್ತು ತರುತ್ತಿದ್ದಳು. ಬಗ್ಗಲು ಸೊಂಟ ನೋಯುತ್ತಿರಬೇಕು ಎಂದುಕೊಂಡೆ. 'ತಡ ಮಾಡ್ದೆ' ಎಂಬ ಮಾತನ್ನೂ ಅವಳು ಮತ್ತೆ ಆಡಲಿಲ್ಲ. ದುಃಖ ಹಳೆಯದಾಯಿತು ಎಂದುಕೊಂಡೆ. ನಾನು ಅಂದು ಅಷ್ಟು ಜನರೆದುರು ವಿಷ ವಿಷ ಎಂದು ಅರಚಿದ್ದು ಅವಳ ಕಿವಿಗೆ ಬಿದ್ದಿಲ್ಲ ಎಂದು ನಂಬಿದ್ದೆನೇ? ನಂಬಬೇಕೆಂದು ನಂಬಿದ್ದೆ. ಪ್ರತಿ ತಿಂಗಳೂ ಬಸ್ಸಿನಲ್ಲಿ ಹೋಗುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಬರುವಾಗ ಬಾಟಲಿಗಳಷ್ಟೇ ತುಂಬಿರುತ್ತಿದ್ದವು. ಹೇಳಿದರೆ ಅವಳು, ನನ್ನ ಕೈಯಾರೆ ಮಗಳಿಗೆ ವಿಷ ಕುಡಿಸಿದೆನಲ್ಲ ಎಂದು ಕೊರಗುತ್ತಾಳೆ, ಅದಕ್ಕಿಂತ ತಡ ಮಾಡಿದೆ ಎಂಬ ಕೊರಗೇ ಮೇಲು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂಬ ಆ ಮಾತು ಶುದ್ಧ ಸುಳ್ಳು. ಹೆದರಿಕೆ, ಅಷ್ಟೇ.

ಎಂಬತ್ತರ ದಶಕದ ನಡುವಿನಲ್ಲಿ ಆ ಊರಿಗೆ ಕೊಳವೆ ಬಾವಿ ಬಂತು. ಎಂಡ್ರಿನ್ ಅಂಗಡಿಗಳಲ್ಲಿ ಕಾಣದಾಯಿತು, ಬೇರೆ ಹೆಸರಿನವು ಬಂದವು. ನಮ್ಮ ಪಟ್ಟಿಯಿಂದ ಆ ಹಳ್ಳವನ್ನು ತೆಗೆದುಹಾಕಿದರು. ಮುಂದಿನ ತಿಂಗಳಿಂದ ಅಲ್ಲಿಗೆ ಹೋಗುವ ಕೆಲಸ ನನಗಿಲ್ಲ. ಕೊನೆಯ ಸಲದ ನೀರು ಹಿಡಿದು, ಬಾಟಲಿ ಮುಚ್ಚಿ, ಅಕ್ಕನ ಎದುರು ಕೂತೆ.

"ಅಕ್ಕ, ನೀನು ತಡ ಮಾಡಿದ್ರಿಂದ ಮಗಳು ಹೋಗ್ಲಿಲ್ಲ. ಆ ನೀರಲ್ಲಿದ್ದಿದ್ದು ಗದ್ದೆಗೆ ಹೊಡೆಯೋ ವಿಷ. ಔಷಧಿ ಅಂತ ಬೋರ್ಡ್ ಬರೆಸಿದೋಳು ನಾನು."

ಅವಳ ಕೈ ನಿಂತಿತು.

"ಗೊತ್ತು ಮೇಡಮ್ಮೋರೆ. ನೀವು ಸಗಣಿ ಬಳ್ದು ಹೋದ್ ದಿನ ಸಾಯಂಕಾಲನೇ ಊರೋರು ಬಂದು ಹೇಳುದ್ರು. ನೀವಾಗಿ ಯಾವತ್ ಹೇಳ್ತೀರೋ ಅಂತ ನೋಡ್ತಿದ್ದೆ."

ನಾನು ಅಳತೊಡಗಿದೆ. ಅವಳು ಅಳಲಿಲ್ಲ. ಹಳ್ಳದ ಕಡೆ ನೋಡುತ್ತಾ, ಯಾರಿಗೋ ಬೇರೆಯವರಿಗೆ ಹೇಳುವ ಹಾಗೆ ಹೇಳಿದಳು.

"ನಂಗ್ ಓದಕ್ ಬರಲ್ಲ. ಊರೋರು ಔಸ್ದಿ ನೀರು ಔಸ್ದಿ ನೀರು ಅಂದಾಗ ನಂಬಿಕೇನೇ ಬರ್ಲಿಲ್ಲ ನಂಗೆ. ಮಗಳು ಮೂರನೇ ಕ್ಲಾಸ್‌ಗಂಟ ಹೋಗಿದ್ಲು. ಕರ್ಕೊಂಡ್ ಬಂದ್ ದಿನ ಬೋರ್ಡ್ ಮುಂದೆ ನಿಲ್ಸಿ, ಓದವ್ವ ನೋಡಾನ ಅಂದೆ. ಬೆರಳಿಟ್ಕೊಂಡು ಒಂದೊಂದೇ ಅಕ್ಷರ ಕೂಡ್ಸಿ ಓದುದ್ಲು. ಔಷಧಿ ಅಂತ ಬಂತಲ್ಲ, ಅಲ್ಲಿ ನಿಂತು, ಹಿಂದುಕ್ ತಿರುಗಿ ನನ್ ಮಕ ನೋಡಿ ನಕ್ಳು. ಮದ್ವೆ ಆದ್ಮೇಲೆ ಅವ್ಳು ನಕ್ಕಿದ್ದು ನಾನ್ ನೋಡಿದ್ದು ಅದೊಂದೇ ಸಲ."

ಕ್ಷಮಿಸು ಅಕ್ಕ ಎಂದೆ. ಅವಳು ಎದ್ದು ಸೆರಗು ಕೊಡವಿಕೊಂಡು, ನನ್ನ ಪೆಟ್ಟಿಗೆಯ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟಳು.

"ಹೇಳುದ್ರಲ್ಲ, ಸಾಕು. ಇನ್ಮೇಲೆ ಬರ್ಬೇಡಿ ಮೇಡಮ್ಮೋರೆ."

ಕೋಪದಿಂದ ಹೇಳಲಿಲ್ಲ. ನಾನು ಮತ್ತೆ ಹೋಗಲಿಲ್ಲ.